ಕಪ್ಪೆಚಿಪ್ಪಿನ ಕಾವಲು

ನನ್ನ ಹೆಂಡತಿ ಕಡಲಜೀವಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ದೊಡ್ಡ ಪಂಪು ಕೆಟ್ಟಿತೆಂದು ಒಂಬತ್ತು ಪುಟ್ಟ ಕಪ್ಪೆಚಿಪ್ಪುಗಳನ್ನು ಗಾಜಿನ ತೊಟ್ಟಿ, ಸಣ್ಣದೊಂದು ಪಂಪಿನ ಸಮೇತ ಮನೆಗೆ ತಂದು, ನಾನು ಪೇಪರ್ ಓದುವ ಮೇಜಿನ ಮೇಲೆ ಪ್ರತಿಷ್ಠಾಪಿಸಿದಳು. ನನ್ನನ್ನು ಯಾರೂ ಕೇಳಲಿಲ್ಲ. (ಮದುವೆಯಾದಾಗಿನಿಂದ ಕೇಳಿಲ್ಲ ಅನ್ನಿ.)

ನೋಡಲು ಚೆಲುವಾಗಿದ್ದವು, ಸುಳ್ಳೇಕೆ ಹೇಳಲಿ. ಹೆಬ್ಬೆರಳ ಉಗುರಿನಷ್ಟಗಲ, ಬೀಸಣಿಗೆಯಂತೆ ಗೆರೆಗೆರೆ, ಕಂದು ಮೈಮೇಲೆ ಬಿಳಿ ಚುಕ್ಕೆ. ಬಾಯಿ ತೆರೆದರೆ ಅಂಚಿನುದ್ದಕ್ಕೂ ಸಾಲುಸಾಲು ಕಣ್ಣುಗಳಿರುತ್ತವಂತೆ. ಎರಡೂ ಚಿಪ್ಪನ್ನು ಪಟಪಟನೆ ಬಡಿದು ಈಜುತ್ತವಂತೆ. ಎಲ್ಲವೂ ಅಂತೆ, ನಾನಂತೂ ಕಂಡಿರಲಿಲ್ಲ.

ಶನಿವಾರ ಬೆಳಗ್ಗೆ ಕೆಲಸಕ್ಕೆ ಹೊರಟವಳು ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟಳು. ಹತ್ತು ನಿಮಿಷಕ್ಕೊಮ್ಮೆ ನೋಡಿ, ಎಷ್ಟು ತೆರೆದಿವೆ, ಎಷ್ಟು ಈಜುತ್ತಿವೆ ಎಂದು ಬರೆಯಬೇಕು. ಇವು ಹಗಲಲ್ಲಿ ಚುರುಕಾಗಿರುತ್ತವೆಂದು ತೋರಿಸಿದರೆ ಮಾತ್ರ ಅವಳ ಮುಂದಿನ ಮೂರು ವರ್ಷದ ಸಂಶೋಧನೆಗೆ ಒಪ್ಪಿಗೆ. ಸೋಮವಾರವೇ ವರದಿ ಕೊಡಬೇಕು.

"ರೀ, ಕಣ್ಣಿಟ್ಟು ನೋಡಿ. ಅಂದಾಜಲ್ಲಿ ಬರೀಬೇಡಿ," ಎಂದಳು.

ಮಹಾನಿಷ್ಠೆಯಿಂದ ನೋಡಿದೆ. ಹತ್ತು ನಿಮಿಷಕ್ಕೊಮ್ಮೆ ಸೋಫಾದಿಂದ ಎದ್ದು, ಕನ್ನಡಕ ಏರಿಸಿ, ತೊಟ್ಟಿಯ ಮೇಲೆ ಬಗ್ಗಿದೆ. ಒಂಬತ್ತೂ ಮುಚ್ಚಿವೆ. ಮತ್ತೆ ಬಗ್ಗಿದೆ, ಮುಚ್ಚಿವೆ. ಹನ್ನೆರಡು ಸಲ ಬಗ್ಗಿ ನನ್ನ ಸೊಂಟ ಹಿಡಿಯಿತೇ ಹೊರತು ಒಂದೂ ಬಾಯಿ ಬಿಡಲಿಲ್ಲ. ಪಾಪ, ಇವಳ ಸಂಶೋಧನೆ ಮುಳುಗಿತಲ್ಲ ಎಂದು ನಿಜವಾಗಿಯೂ ಮರುಕವಾಯಿತು. ಆ ಮರುಕದಲ್ಲೇ ನಿದ್ದೆ ಹತ್ತಿತು.

ಎಚ್ಚರವಾದಾಗ ಒಂದು ಗಂಟೆ ಕಳೆದುಹೋಗಿತ್ತು. ಗಡಬಡಿಸಿ ಎದ್ದು ಬಗ್ಗಿ ನೋಡಿದೆ, ಮುಚ್ಚಿವೆ. ನಿದ್ದೆಯಲ್ಲಿ ಕಳೆದ ಆರೂ ಸಾಲಿಗೆ 'ಮುಚ್ಚಿವೆ' ಎಂದು ತುಂಬಿ ತಿರುಗಿದರೆ, ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಸ್ಟೂಲು ಹಾಕಿಕೊಂಡು ಕೂತಿದ್ದಾಳೆ. ತೊಡೆಯ ಮೇಲೆ ಇನ್ನೊಂದು ನೋಟ್‌ಬುಕ್.

"ಯಾವಾಗ ಬಂದೆ?"

"ನೀವು ಗೊರಕೆ ಶುರು ಮಾಡಿದಾಗ. ಒಂಬತ್ತೂ ತೆರ್ಕೊಂಡು ತೊಟ್ಟಿ ತುಂಬಾ ಈಜಾಡ್ತಿದ್ವು. ನೀವು ಎದ್ದು ಬಗ್ಗಿದ್ರಿ, ಪಟ್ ಅಂತ ಮುಚ್ಕೊಂಡ್ವು. ಅಷ್ಟೊಂದು ಕಣ್ಣು ಯಾಕಿದೆ ಅಂದ್ಕೊಂಡ್ರಿ? ಮೇಲೆ ನೆರಳು ಬಿದ್ರೆ, ಏನೋ ತಿನ್ನೋಕೆ ಬಂತು ಅಂತ ಭಯ ಅವಕ್ಕೆ."

ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವಳು ಬೈಯಲಿಲ್ಲ. ನಿದ್ದೆಯ ಆರು ಸಾಲು ಹೊಡೆದುಹಾಕಿ, ಉಳಿದದ್ದನ್ನು ತನ್ನದರ ಜೊತೆ ಸೇರಿಸಿ ವರದಿ ಕಳಿಸಿದಳು. ಒಪ್ಪಿಗೆಯೂ ಸಿಕ್ಕಿತು. ನಾನು ಎದೆಯುಬ್ಬಿಸಿಕೊಂಡು ವರದಿ ತಿರುವಿ, ಸಹಾಯಕರ ಪಟ್ಟಿಯಲ್ಲಿ ನನ್ನನ್ನು ಹುಡುಕಿದೆ. ಅಲ್ಲಿರಲಿಲ್ಲ. ಸಲಕರಣೆಗಳ ಪಟ್ಟಿಯಲ್ಲಿದ್ದೆ: ಗಾಜಿನ ತೊಟ್ಟಿ ಒಂದು, ಪಂಪು ಒಂದು, ಬೆದರಿಸುವ ನೆರಳು (ದಪ್ಪನೆಯದು) ಒಂದು.