ಸೋದರಮಾವನ ಸೀರೆಯ ಬಣ್ಣದ ಕುರಿತು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಯಾರಾದರೂ 'ಕಣ್ಣಾರೆ ಕಂಡೆ' ಎಂದು ಹೇಳಿದರೆ ಈಚೆಗೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಇದು ನಾನು ಬರೆಯುತ್ತಿರುವ ಮೊದಲ ಪ್ರಬಂಧ. ಚಳ್ಳಕೆರೆಯ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಪತ್ರಗಳ ಕರಡು ಬರೆದ ಕೈ ಇದು. ಬೇರೆ ರೀತಿಯ ಬರವಣಿಗೆ ಅದಕ್ಕೆ ಬಾರದು, ಕ್ಷಮೆ ಇರಲಿ. 'ಖುದ್ದಾಗಿ ಪರಿಶೀಲಿಸಲಾಗಿ' ಎಂಬ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಹುಪಾಲು ಸಂದರ್ಭಗಳಲ್ಲಿ ನಾನು ಕುರ್ಚಿಯಿಂದ ಎದ್ದಿರಲೇ ಇಲ್ಲ. ಅಂತಹ ಪತ್ರಗಳ ಪೈಕಿ ಒಂದು ಮಾತ್ರ ನನ್ನ ಸ್ವಂತ ಮನೆಯಿಂದ ಹೊರಟಿತು. ಸದರಿ ಪತ್ರದ ಬಗ್ಗೆಯೇ ಈ ನಿವೇದನೆ.

ವಿಷಯಕ್ಕೆ ಬರುವ ಮುನ್ನ ನಮ್ಮ ಮೂಗಿನ ಬಗ್ಗೆ ಒಂದು ಮಾತು. ನಮ್ಮ ಮನೆಯ ಹಿಂದೆಯೇ ಶೇಂಗಾ ಎಣ್ಣೆಯ ಗಿರಣಿ. ಪರವೂರಿನ ನೆಂಟರು ಬಸ್ಸಿಳಿದು ಬಂದೊಡನೆ ಸೆರಗಿನಿಂದ ಮೂಗು ಮುಚ್ಚಿಕೊಂಡು 'ಏನ್ರೀ ಇದು ವಾಸನೆ' ಎನ್ನುತ್ತಾರೆ. ನಾವು ಮನೆಮಂದಿಯೆಲ್ಲ ಮೂಗರಳಿಸಿ ಗಾಳಿಯನ್ನು ಹುಡುಕುತ್ತೇವೆ, ಏನೂ ಸಿಗುವುದಿಲ್ಲ. ನೆಂಟರಿಗೇ ಏನೋ ಶೀತವಾಗಿರಬೇಕೆಂದು ನನ್ನ ಹೆಂಡತಿ ಶುಂಠಿ ಕಾಫಿ ಮಾಡಿಕೊಡುತ್ತಾಳೆ. ಇಂತಹ ಮೂಗುಳ್ಳವನು ಕಣ್ಣಿನ ಬಗ್ಗೆಯಾದರೂ ಎಚ್ಚರದಿಂದ ಇರಬೇಕಿತ್ತು.

ನನ್ನ ಅವ್ವ ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ಅವಳ ತಮ್ಮ ತಿಪ್ಪೇಸ್ವಾಮಿ ಮಾವ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಿದ್ದ. ಅವನ ಹೆಂಡತಿ ಗಂಗಮ್ಮತ್ತೆ ನೂಲಿಗೆ ಬಣ್ಣ ಹಾಕುತ್ತಿದ್ದಳು. ನನ್ನ ತಂಗಿಯ ಮದುವೆಗೆ ಸೋದರಮಾವನ ಸೀರೆ ಬರಬೇಕಲ್ಲ, ಗಂಡಹೆಂಡತಿ ಮೂರು ತಿಂಗಳು ಕೂತು ಅದನ್ನು ಸಿದ್ಧಪಡಿಸಿ ತಂದರು. ನವಿಲಿನ ಕತ್ತಿನ ನೀಲಿ ಎಂದು ಅತ್ತೆ ಹೆಮ್ಮೆಯಿಂದ ಮಡಿಕೆ ಬಿಚ್ಚಿದಳು. ಅವ್ವ ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಹೇಳಿದಳು: "ಇದ್ಯಾವ ನೀಲಿನೇ ಗಂಗಿ? ಕೆರೆ ಪಾಚಿ ಇದ್ದಂಗೈತೆ. ಒಳ್ಳೇ ಬಣ್ಣ ಪ್ಯಾಟೆಗೆ, ಉಳಿದದ್ದು ನನ್ ಮಗಳಿಗಾ?"

"ಅತ್ತೆ, ನೀಲಿ ಐತಲ್ರೀ" ಎಂದು ನನ್ನ ಹೆಂಡತಿ ಅವ್ವನಿಗೆ ಮೆಲ್ಲನೆ ಹೇಳಿದಳು. ನಾನು ಅವಳನ್ನು ಸುಮ್ಮನಿರಿಸಿದೆ. ಬಣ್ಣದ ವಿಚಾರದಲ್ಲಿ ನಮ್ಮ ಮನೆಯಲ್ಲಿ ಅವ್ವನದೇ ಅಂತಿಮ ಆದೇಶ. ನಾವೆಲ್ಲ ಶೇಂಗಾ ಮಂದಿ, ನಮಗೇನು ಗೊತ್ತು? ಅವ್ವ ಪಾಚಿ ಎಂದ ಮೇಲೆ ನನ್ನ ಕಣ್ಣಿಗೂ ಅದು ಪಾಚಿಯಾಗಿಯೇ ಕಂಡಿತು. ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಮದುಮಗಳು ಅಂಗಡಿಯ ಸೀರೆ ಉಟ್ಟಳು. ಮಾವ, ಅತ್ತೆ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದರು. ಅವ್ವನ ಅಪ್ಪಣೆಯಂತೆ ನಾನು ಮಾವನಿಗೆ ಪತ್ರ ಬರೆದೆ: 'ಸದರಿ ಸೀರೆಯನ್ನು ಖುದ್ದಾಗಿ ಪರಿಶೀಲಿಸಲಾಗಿ, ಬಣ್ಣವು ಪಾಚಿಯಂತಿರುವುದು ದೃಢಪಟ್ಟಿರುತ್ತದೆ. ಆದುದರಿಂದ ವಾಪಸ್ಸು ಪಡೆಯತಕ್ಕದ್ದು.' ಕೆಳಗೆ ದಿನಾಂಕ ಸಹಿತ ರುಜು. ಮಾವ ಉತ್ತರಿಸಲಿಲ್ಲ, ಸೀರೆಯನ್ನು ಒಯ್ಯಲೂ ಬರಲಿಲ್ಲ. ಅದು ಅವ್ವನ ಟ್ರಂಕಿನ ತಳ ಸೇರಿತು.

ಆರು ವರ್ಷ ಅಕ್ಕತಮ್ಮನಿಗೆ ಮಾತಿಲ್ಲ. ನಡುವೆ ಗಂಗಮ್ಮತ್ತೆ ತೀರಿಕೊಂಡಳು. ಅವ್ವ ಹೋದಳು, ಮಣ್ಣಿಗೆ ನಿಂತಳು, ಆ ಮನೆಯ ಒಂದು ಲೋಟ ನೀರು ಕುಡಿಯದೆ ಹಿಂದಿರುಗಿದಳು. ದಾರಿಯುದ್ದಕ್ಕೂ ಅವಳ ತುಟಿ ಒಣಗಿತ್ತು. ಬಸ್ಸು ಕೊಂಡ್ಲಹಳ್ಳಿಯಲ್ಲಿ ನಿಂತಾಗ ನಾನು ಸೋಡಾ ತಂದೆ, ಅದನ್ನೂ ಮುಟ್ಟಲಿಲ್ಲ.

ಆಮೇಲೆ ಊರಿಗೆ ಕಣ್ಣಿನ ಶಿಬಿರ ಬಂದಿತು. ಅವ್ವನ ಎರಡೂ ಕಣ್ಣಿನಲ್ಲಿ ಹಳೆಯ ಪೊರೆ ಇದೆಯೆಂದು ವೈದ್ಯರು ಒಂದಾದ ಮೇಲೊಂದರಂತೆ ಶಸ್ತ್ರಚಿಕಿತ್ಸೆ ಮಾಡಿದರು. ಪಟ್ಟಿ ಬಿಚ್ಚಿ ಮನೆಗೆ ಬಂದವಳು ಮೊದಲು ಗೋಡೆ ನೋಡಿದಳು. "ಇಷ್ಟು ಕೊಳೆನಾ?" ಎಂದಳು. ಸೊಸೆ ಅಡುಗೆಮನೆಗೆ ಸರಿದಳು. ನಂತರ ಅವ್ವ ನನ್ನನ್ನು ನೋಡಿದಳು. "ಲೇ, ನೀನ್ಯಾವಾಗ ಇಷ್ಟು ಮುದುಕ ಆದ್ಯೋ? ಯಾಕ್ ಹೇಳ್ಲಿಲ್ಲ?" ಇಂತಹ ವಿಷಯವನ್ನು ಯಾವ ಮಾರ್ಗದಲ್ಲಿ ವರದಿ ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಮರುವಾರ ಅವ್ವ ಟ್ರಂಕು ತೆಗೆದಳು. ಸ್ವಲ್ಪ ಹೊತ್ತಿಗೆ ನಾನೂ ಒಳಗೆ ಹೋಗಿ ನೋಡಿದೆ. ಸೀರೆ ಅವಳ ತೊಡೆಯ ಮೇಲಿತ್ತು. "ನೀಲಿ ಐತೆ ಕಣೋ," ಎಂದಳು. "ಅವಳು ಹಾಕಿದ್ದು ನೀಲಿನೇ. ಪಾಚಿ ನನ್ ಕಣ್ಣಾಗ ಇತ್ತು."

ಮಾರನೆಯ ದಿನವೇ ಮೊಳಕಾಲ್ಮೂರಿಗೆ ಹೋದೆವು. ಮಾವ ಮಗ್ಗದ ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಕೈಯಿಂದ ನೆಲ ತಡವಿ ಎದ್ದುನಿಂತ. ಅವ್ವ ಸೀರೆ ಬಿಚ್ಚಿ ಅವನ ಕೈಗಿಟ್ಟು, "ತಪ್ಪಾತು ಕಣೋ ತಿಪ್ಪೇಶಿ. ನೀಲಿನೇ ಇದು" ಎಂದಳು. ಮಾವ ಅದನ್ನು ಬಾಗಿಲ ಬೆಳಕಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ಅವನ ಕಣ್ಣಿನ ನಡುವೆ ಮಜ್ಜಿಗೆಯ ಹನಿಯಂತಹ ಬಿಳುಪು ನನಗೆ ಆಗ ಕಂಡಿತು.

"ಇಲ್ಲ ಅಕ್ಕಯ್ಯ, ನೀನಂದಿದ್ದೇ ನಿಜ," ಎಂದ ಮಾವ. "ಪಾಚಿನೇ ಐತೆ. ಗಂಗಿ ಸಾಯೋ ಮಟ ನೀಲಿ ನೀಲಿ ಅಂತಿದ್ಲು. ನಾನೂ ನಂಬಿದ್ದೆ. ಪಾಪ, ಅವಳಿಗೆ ಎಲ್ಲೋ ತಪ್ಪಾಗೈತೆ, ಬಿಡು."

"ಲೇ, ಅವಳದೇನೂ ತಪ್ಪಿಲ್ವೋ!" ಅವ್ವ ಕೂಗಿದಳು. "ತಪ್ಪು ನಂದು!"

"ಸುಮ್ನಿರಕ್ಕಯ್ಯ. ನನ್ ಸಮಾಧಾನಕ್ಕೆ ಹೇಳ್ಬ್ಯಾಡ. ಕಾಗದನೇ ಐತಲ್ಲ."

ಗೋಡೆಯ ಗೂಡಿನಿಂದ ಮಾವ ನನ್ನ ಪತ್ರ ತೆಗೆದ. ಓದಲಾಗದಿದ್ದರೂ ಬಾಯಿಪಾಠವಿತ್ತು. "ಖುದ್ದಾಗಿ ಪರಿಶೀಲಿಸಲಾಗಿ ಅಂತ ಬರ್ದಾನೆ. ಆಫೀಸ್ನೋನು, ಸುಮ್ನೆ ಬರೀತಾನಾ? ಆಗ ಸಿಟ್ಟು ಬಂದಿತ್ತು. ಈಗ ನನ್ ಕಣ್ಣಿಗೂ ಹಂಗೇ ಕಾಣ್ತೈತೆ."

ಸತ್ತವಳ ಹೆಸರಿಗೆ ಹತ್ತಿದ ಪಾಚಿಯನ್ನು ತೊಳೆಯಬೇಕಾದವನು ನಾನೊಬ್ಬನೇ ಎಂಬುದು ನನಗೆ ಮನವರಿಕೆಯಾಯಿತು. ಮಾವನ ಕಾಲಿನ ಬಳಿ ಕೂತು ಹೇಳಿದೆ: "ಮಾವ, ಆ ಕಾಗದ ಸುಳ್ಳು. ನಾನು ಸೀರೆ ಸರಿಯಾಗಿ ನೋಡಿರಲಿಲ್ಲ. ಅವ್ವನ ಮುಖ ನೋಡಿ ಬರೆದೆ. ಇದು ನೀಲಿನೇ. ಅತ್ತೆ ಹಾಕಿದ್ದು ಸರಿಯಾಗೇ ಇತ್ತು."

ಮಾವ ಪೊರೆಗಣ್ಣನ್ನು ನನ್ನತ್ತ ತಿರುಗಿಸಿದ. "ಈಗ ಯಾರ ಮುಖ ನೋಡಿ ಹೇಳ್ತಿದ್ದೀಯಪ್ಪ?"

ನಾನು ತಲೆಯೆತ್ತಿದೆ. ಎದುರಿಗೆ ಅವ್ವ ನಿಂತಿದ್ದಳು.

ಅವ್ವ ಆ ದಿನ ತಾನೇ ಕೊಡದಿಂದ ಬಗ್ಗಿಸಿಕೊಂಡು ಎರಡು ಲೋಟ ನೀರು ಕುಡಿದಳು. ಮಾವನನ್ನು ಶಿಬಿರಕ್ಕೆ ಕರೆದೆವು; ಕಾಣುವುದು ಇಷ್ಟೇ ಸಾಕು ಎಂದ. ಸೀರೆ ಅವನ ಬಳಿಯೇ ಉಳಿಯಿತು, ಪತ್ರದ ಜೊತೆ. ಅವರಿಬ್ಬರ ಕಣ್ಣಿಗಾದರೂ ಪೊರೆಯೆಂಬ ಕಾರಣವಿದೆ. ಹಿಂದಿರುಗಿದ ಮೇಲೆ ನಾನೂ ಅದೇ ವೈದ್ಯರ ಬಳಿ ಹೋಗಿ ಆಶೆಯಿಂದ ಕಣ್ಣು ತೋರಿಸಿದೆ. ಅವರು ಕಣ್ಣಿಗೆ ಬೆಳಕು ಬಿಟ್ಟು, ಅಕ್ಷರ ಓದಿಸಿ, ಬಣ್ಣಗಳನ್ನೂ ಕೇಳಿ, ಖುದ್ದಾಗಿ ಪರಿಶೀಲಿಸಲಾಗಿ ಯಾವ ದೋಷವೂ ಕಂಡುಬಂದಿರುವುದಿಲ್ಲವೆಂದು ಬರೆದುಕೊಟ್ಟಿದ್ದಾರೆ.