ಹಳೇ ಕಂಪ್ಯೂಟರಿಗೆ ಹೊಸ ಕಣಜ

ಹಳೇ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಲು ಹೋದಾಗಲೆಲ್ಲ ಏನಾದರೊಂದು ತಮಾಷೆ ನಡೆದೇ ನಡೆಯುತ್ತದೆ. ನಾನು ಬರೆಯುತ್ತಿರುವುದು ಇದೇ ಮೊದಲು, ಅದಕ್ಕೇ ಎಲ್ಲ ಬಿಡಿಸಿ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಅಂದರೆ ಕಂಪ್ಯೂಟರಿನ ಕಣಜ, ಮಾಹಿತಿಯೆಲ್ಲ ಅದರೊಳಗೆ. ಶಿಕಾರಿಪುರದಲ್ಲಿ ನನ್ನದು ರಿಪೇರಿ ಅಂಗಡಿ. ಸೊರಬದ ಭತ್ತದ ಮಂಡಿಯೊಂದರಿಂದ ಕರೆ ಬಂತು. ಅಲ್ಲಿ ತೂಕದ ಚೀಟಿ ಬರುವುದು ಇಪ್ಪತ್ತು ವರ್ಷದ ಕಂಪ್ಯೂಟರಿನಿಂದ. ಅದರ ಡಿಸ್ಕ್ ತುಂಬಿಹೋಗಿತ್ತು; ಹೊಸ ಕಂಪ್ಯೂಟರಿನಲ್ಲಿ ಆ ಚೀಟಿಯ ಪ್ರೋಗ್ರಾಂ ಓಡುವುದಿಲ್ಲ. ಆ ಊರಲ್ಲಿ ನನಗೆ ಅದೇ ಮೊದಲ ಕೆಲಸ. ಕೆಟ್ಟರೆ ಮತ್ತೆ ಯಾರೂ ಕರೆಯುವ ಹಾಗಿರಲಿಲ್ಲ.

೧. ಎಣಿಸಲು ಬಾರದವನು

ಐನೂರು ಜಿಬಿ ಡಿಸ್ಕ್ ಹಾಕಿದೆ. ಪರದೆಯ ಮೇಲೆ ಕಂಡದ್ದು ನೂರ ಇಪ್ಪತ್ತೆಂಟು.

"ಉಳಿದಿದ್ದು ಎಲ್ಲಿ ಹೋಯ್ತು ರೀ?" ಎಂದರು ಮಂಡಿ ಸಾಹುಕಾರರು.

"ಒಳಗೇ ಇದೆ ಸಾಹುಕಾರ್ರೇ. ಈ ಕಂಪ್ಯೂಟರಿಗೆ ಅದಕ್ಕಿಂತ ಮುಂದೆ ಎಣಿಸೋಕೆ ಬರಲ್ಲ."

ಅವರು ಗುಮಾಸ್ತರತ್ತ ತಿರುಗಿದರು. "ಕೇಳಿದ್ರಾ? ಇಷ್ಟು ವರ್ಷ ಇದರ ಲೆಕ್ಕ ಸರಿ, ನಿಮ್ಮದು ತಪ್ಪು ಅಂತ ಬೈತಿದ್ನಲ್ಲ!"

೨. ಕರೆಂಟಿಗೆ ಕಾವಲು

ಅದಕ್ಕೆ ಮುಂದಿನ ಎಣಿಕೆ ಬರಬೇಕಾದರೆ ಬಯೋಸ್ ಬದಲಿಸಬೇಕಿತ್ತು. ಬಯೋಸ್ ಅಂದರೆ, ಸ್ವಿಚ್ ಒತ್ತಿದ ಕೂಡಲೇ ಎದ್ದು ಯಾವ ಯಾವ ಭಾಗ ಇದೆ ಎಂದು ನೋಡಿಕೊಳ್ಳುವ ಪುಟ್ಟ ಪ್ರೋಗ್ರಾಂ. ಬದಲಿಸುವಾಗ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಏಳುವುದೇ ಕಷ್ಟ. ಮಂಡಿಯ ಯುಪಿಎಸ್ ಬ್ಯಾಟರಿಯೋ, ಸತ್ತು ಕೂತಿತ್ತು. ಸಾಹುಕಾರರು ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿದರು: "ಸ್ವಲ್ಪ ಹೊತ್ತು ಕರೆಂಟ್ ತೆಗೀಬೇಡ ಮಾರಾಯ."

ಆತ ಮಂಡಿಗೇ ಬಂದು ಸ್ಟೂಲ್ ಎಳೆದುಕೊಂಡು ಕೂತ.

"ಇಲ್ಲಿಗ್ಯಾಕೆ ಬಂದೆ?"

"ತೆಗೆಯೋನು ನಾನೇ ಅಲ್ವಾ? ನಾನೇ ಇಲ್ಲಿ ಕೂತ್ರೆ ಇನ್ಯಾರು ತೆಗೀತಾರೆ? ಚಾ ಹೇಳಿ."

೩. ಚೀಲದ ತೂಕ

ಕಂಪ್ಯೂಟರ್ ಎದ್ದಿತು. ಡಿಸ್ಕ್ ಪೂರ್ತಿ ಕಂಡಿತು, ತೂಕದ ಚೀಟಿಯೂ ಬಂತು. ನನಗೆ ಎದೆಯುಬ್ಬಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಾಹುಕಾರರು ಕನ್ನಡಕ ಏರಿಸಿ ಪರದೆಯ ಮೇಲಿನ ಡಿಸ್ಕಿನ ಲೆಕ್ಕ ನೋಡಿ, "ನಾನೂರ ಅರವತ್ತೈದು ಅಂತಿದೆ. ಮೂವತ್ತೈದು ಕಡಿಮೆ," ಎಂದರು.

ನನ್ನ ಹೆಸರು ಅಲ್ಲೇ ಮುಳುಗಿತು ಅಂದುಕೊಂಡೆ. "ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿತಾರೆ, ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕರ ಲೆಕ್ಕ..." ಎಂದು ಶುರು ಮಾಡಿದೆ.

"ಗೊತ್ತಾಯ್ತು ಬಿಡ್ರಿ, ಚೀಲದ ತೂಕ ಕಳೆದಿದಾರೆ. ನಾವೂ ಕಳೀತೀವಲ್ಲ."

ಭತ್ತ ತೂಗಿಸಲು ಬಂದಿದ್ದ ಬಂದಳಿಕೆಯ ರೈತರೊಬ್ಬರು ಇದನ್ನು ಕೇಳುತ್ತ ನಿಂತಿದ್ದರು. "ಅಲ್ರೀ, ತೂಕ ಕಳೆದ ಮೇಲೆ ನಮಗೆ ಖಾಲಿ ಚೀಲ ವಾಪಸ್ ಕೊಡ್ತೀರಿ. ನಿಮಗೆ ಕೊಟ್ರಾ?"

ಸಾಹುಕಾರರು ನನ್ನತ್ತ ಕೈ ಚಾಚಿದರು. ನಾನು ನನ್ನ ರಿಪೇರಿ ಸಾಮಾನಿನ ಚೀಲಕ್ಕೆ ಕೈಹಾಕಿ, ಡಿಸ್ಕ್ ಬಂದಿದ್ದ ರಟ್ಟಿನ ಡಬ್ಬಿ ತೆಗೆದು ಅವರ ಕೈಗಿಟ್ಟೆ.

ಅವರು ಅದನ್ನು ತಕ್ಕಡಿಯ ಮೇಲಿಟ್ಟು ನೋಡಿ, "ಈಗ ಸರಿಹೋಯ್ತು," ಎಂದರು.