ನೀರುಗಂಟಿಯ ಒತ್ತುವರಿ

ಯಲ್ದೂರಿನ ಆಚೆಗಿರುವ ಪೆದ್ದಗುಂಟಪಲ್ಲಿ ಗ್ರಾಮ ಪಂಚಾಯಿತಿಯ ನೀರುಗಂಟಿ ಮುನಿಯಲ್ಲಪ್ಪ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಊರಿಗೆ ನೀರು ಬಿಡುವಾಗ ಸಿಕ್ಕಿಬಿದ್ದ.

ಹಿಡಿದದ್ದು ಯಂತ್ರ. ಪಂಚಾಯಿತಿಯವರು ವಾಲ್ವಿಗೆ, ಬೀದಿದೀಪಕ್ಕೆ, ಡೇರಿಯ ತಕ್ಕಡಿಗೆ ಒಂದೊಂದು ಪುಟ್ಟ ಕಂಪ್ಯೂಟರ್ ಕೂರಿಸಿ, ಎಲ್ಲವನ್ನೂ ಒಂದೇ ಜಾಲಕ್ಕೆ ಸೇರಿಸಿ, ಹೊರಗಿನವರು ನುಸುಳಿದರೆ ಕೂಗಿಕೊಳ್ಳಲೆಂದು ಕಾವಲು ಯಂತ್ರವನ್ನೂ ಇಟ್ಟಿದ್ದರು. ಮೊದಲ ವಾರ ಅದು ಊರಿನ ಸಹಜ ಸ್ಥಿತಿಯನ್ನು ನೋಡಿ ಕಲಿಯಬೇಕು. ಆಮೇಲೆ ಅದಕ್ಕೆ ಹೊರತಾದದ್ದೆಲ್ಲ ನುಸುಳುವಿಕೆ. ಆ ವಾರ ಮುನಿಯಲ್ಲಪ್ಪ ಮಗಳ ಮದುವೆಗೆಂದು ನಂಗಲಿಯಲ್ಲಿದ್ದ. ಊರಿಗೆ ತೊಟ್ಟು ನೀರು ಬರಲಿಲ್ಲ. ಪಾಪ, ಯಂತ್ರ ಅದನ್ನೇ ಶ್ರದ್ಧೆಯಿಂದ ಕಲಿತುಕೊಂಡಿತು.

“ಏನ್ ಮುನಿಯಲ್ಲಪ್ಪ, ದಿನಾ ನುಸುಳ್ತೀಯಂತಲ್ಲ?” ಎಂದರು ವಾರದ ಕೊನೆಗೆ ಯಂತ್ರದ ವರದಿ ನೋಡಿದ ಪಿಡಿಒ ಆಶಾರಾಣಿ.

“ವಾಲ್ವು ತಿರುಗಿಸ್ತೀನಿ ಮೇಡಮ್. ಇಪ್ಪತ್ತೆರಡು ವರ್ಷದಿಂದ ಅದೇ ಕೆಲ್ಸ.”

“ದಾಖಲೆ ಇದ್ಯಾ?”

ಅವನ ಸಂಕಟವೇ ಅದು. ದಾಖಲೆ ಇದ್ದಿದ್ದರೆ ಎಂದೋ ಖಾಯಂ ಆಗುತ್ತಿದ್ದ. ಹಾಕಿದ ಏಳು ಅರ್ಜಿಗೂ ‘ಅರ್ಜಿದಾರರು ಕೆಲಸ ಮಾಡಿರುವುದಕ್ಕೆ ಪುರಾವೆ ಇಲ್ಲ’ ಎಂದು ಹಿಂಬರಹ ಬಂದಿತ್ತು. ಈಗ ಇರುವ ಕೆಲಸವೂ ಹೋಯಿತಲ್ಲಪ್ಪಾ ಎಂದುಕೊಂಡ.

ಯಂತ್ರದ ವರದಿ ಇಂಗ್ಲಿಷಿನಲ್ಲಿತ್ತು. ಆಡಳಿತ ಭಾಷೆ ಕನ್ನಡವಾದ್ದರಿಂದ ಗುಮಾಸ್ತ ಕದಿರೇಶ ಅದನ್ನು ಕನ್ನಡಕ್ಕಿಳಿಸಿದ. ನುಸುಳುವಿಕೆ ಎನ್ನಬೇಕಾದಲ್ಲೆಲ್ಲ ಜಮೀನಿನ ಕಡತಗಳಿಂದ ತನ್ನ ಕೈಗೆ ಹತ್ತಿದ್ದ ಪದವನ್ನೇ ಬರೆದ: ಒತ್ತುವರಿ. ಹಾಗಾಗಿ ಕಡತ ಸೀದಾ ಸರ್ವೆ ಶಾಖೆಗೆ ಹೋಯಿತು. ಸರ್ವೆಯರ್ ಚೈತನ್ಯ ಚೈನು ಹಿಡಿದು ಬಂದ.

“ಎಷ್ಟು ಗುಂಟೆ ಒತ್ತಿದ್ದೀರ?”

“ಜಾಲದಲ್ಲಂತೆ ಸ್ವಾಮಿ.”

“ಸರಿ, ಜಾಲದ ಚೆಕ್ಕುಬಂದಿ ಹೇಳಿ.”

“ಪೂರ್ವಕ್ಕೆ ಡೇರಿ ತಕ್ಕಡಿ, ಪಶ್ಚಿಮಕ್ಕೆ ಬೀದಿದೀಪ, ಉತ್ತರಕ್ಕೆ ನೀರಿನ ಟ್ಯಾಂಕು. ದಕ್ಷಿಣಕ್ಕೆ ಸಿಗ್ನಲ್ ಇಲ್ಲ.”

ಚೈತನ್ಯ ಬರೆದುಕೊಂಡ.

ಎರಡು ತಿಂಗಳಿಗೆ ಅಕ್ರಮ-ಸಕ್ರಮ ಸಮಿತಿಯ ಆದೇಶ ಬಂತು. ‘ಸದರಿ ಮುನಿಯಲ್ಲಪ್ಪನವರು ಒಂದು ದಿನವೂ ತಪ್ಪದೆ ಬೆಳಿಗ್ಗೆ ಆರಕ್ಕೆ ಅಕ್ರಮ ಪ್ರವೇಶ ಮಾಡಿರುವುದು ಯಂತ್ರದ ದಾಖಲೆಯಿಂದ ಸಾಬೀತಾಗಿದೆ. ನಿರಂತರ ಅನುಭವದ ಆಧಾರದ ಮೇಲೆ ಸದರಿ ಅಕ್ರಮವನ್ನು ಸಕ್ರಮಗೊಳಿಸಿ, ಇವರನ್ನು ಪಿಂಚಣಿ ಸಹಿತ ಖಾಯಂ ಅತಿಕ್ರಮಿಯನ್ನಾಗಿ ನೇಮಿಸಿದೆ. ಷರತ್ತು: ರಜಾ ದಿನಗಳಲ್ಲಿಯೂ ಅತಿಕ್ರಮಿಸತಕ್ಕದ್ದು.’

ಮುನಿಯಲ್ಲಪ್ಪ ಆದೇಶವನ್ನು ಕಣ್ಣಿಗೊತ್ತಿಕೊಂಡು ಅತ್ತೇಬಿಟ್ಟ. ಆಶಾರಾಣಿ ಎಲ್ಲರಿಗೂ ಮೈಸೂರುಪಾಕು ತರಿಸಿದರು.

ಮಾರನೆಯ ಬೆಳಿಗ್ಗೆ ವಾಲ್ವಿನ ಮುಂದೆ ಕಸದ ಗಾಡಿಯ ಭೀಮರಾಜ, ಅಂಗನವಾಡಿ ಸಹಾಯಕಿ, ಶಾಲೆಯ ಅಡುಗೆಯವರು, ಹೀಗೆ ಖಾಯಂ ಆಗದವರೆಲ್ಲ ಸಾಲಾಗಿ ನಿಂತಿದ್ದರು.

“ಮುನಿಯಣ್ಣ, ನಮ್ಮನ್ನೂ ಒಂಚೂರು ಹಿಡಿಸಿಕೊಡಣ್ಣ,” ಎಂದ ಭೀಮರಾಜ.

“ತಳ್ಳಾಡ್ಬೇಡ್ರಪ್ಪ,” ಎಂದ ಮುನಿಯಲ್ಲಪ್ಪ, ಖಾಯಂ ನೌಕರನ ಗತ್ತಿನಲ್ಲಿ. “ಒಬ್ಬೊಬ್ರಾಗಿ ನುಸುಳಿ.”